ಶೀಟ್ ಮಾಡಿನ ಒಳಮೈಗೆ ಪಿಯು ಫೋಮ್ ಹೊಡೆಸುವಾಗ

ತಾರಸಿ ಮೇಲೆ ಕಲರ್ ಶೀಟ್ ಹೊದಿಸಿದ ಕೋಣೆಯಲ್ಲಿ ಏಪ್ರಿಲ್ ಮಧ್ಯಾಹ್ನ ಕೂರಲಾಗುವುದಿಲ್ಲ. ಶೀಟಿನ ಒಳಮೈಗೆ ಒಂದೂವರೆ ಇಂಚು ಕ್ಲೋಸ್ಡ್ ಸೆಲ್ (ಒಳಗಿನ ಗುಳ್ಳೆಗಳು ಮುಚ್ಚಿರುವ) ಪಿಯು, ಅಂದರೆ ಪಾಲಿಯುರೆಥೇನ್ ಫೋಮ್ ಹೊಡೆಸಿದರೆ ಕಾವು ಬಹಳ ತಗ್ಗುತ್ತದೆ, ಮಳೆಯ ಸದ್ದೂ ಕುಗ್ಗುತ್ತದೆ.

ಮೊದಲು ಶೀಟಿನ ಮೇಲೆ ಪೈಪಿನಿಂದ ನೀರು ಬಿಟ್ಟು ಸೋರಿಕೆ ನೋಡಿ. ಸ್ಕ್ರೂಗಳ ರಬ್ಬರ್ ವಾಷರ್ ಬಿರುಕು ಬಿಟ್ಟಿದ್ದರೆ ಬದಲಿಸಿ. ಫೋಮ್ ಕೂತ ಮೇಲೆ ನೀರು ಒಂದೆಡೆ ಇಳಿದು ಇನ್ನೆಲ್ಲೋ ತೊಟ್ಟಿಕ್ಕುತ್ತದೆ, ಮೂಲ ಸಿಗುವುದಿಲ್ಲ. ವೈರಿಂಗ್ ಪೈಪನ್ನೂ ಈಗಲೇ ಎಳೆಸಿಬಿಡಿ.

ಫೋಮ್ ಕಳಚಿ ಬೀಳುವುದು ಹೆಚ್ಚಾಗಿ ಮೈ ಸಿದ್ಧಮಾಡದ್ದರಿಂದ. ಹೊಸ ಶೀಟಿಗೆ ಎಣ್ಣೆಯ ಪಸೆ ಇರುತ್ತದೆ. ತಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ. ತುಕ್ಕಿದ್ದರೆ ವೈರ್ ಬ್ರಷ್ ಹಾಕಿ ಉಜ್ಜಿ ಪ್ರೈಮರ್ ಬಳಿಯಿರಿ. ಬೆಳಗಿನ ಜಾವ ಶೀಟಿನಡಿ ಬೆವರಿರುತ್ತದೆ. ಆ ತೇವದ ಜೊತೆ, ಫೋಮಾಗುವ ಎರಡು ದ್ರವಗಳಲ್ಲಿ ಒಂದಾದ ಐಸೊಸಯನೇಟ್ ಬೆರೆತು ಗುಳ್ಳೆ ಎದ್ದು, ಹಿಡಿತ ತಪ್ಪುತ್ತದೆ. ಪೂರ್ತಿ ಒಣಗಿದ ಮೇಲೆಯೇ ಶುರುಮಾಡಿಸಿ.

12×15 ಅಡಿ ಕೋಣೆಗೆ ಲೆಕ್ಕ ಹೀಗೆ: 180 ಚದರಡಿಗೆ ಒಂದೂವರೆ ಇಂಚಾದರೆ ಸುಮಾರು 0.64 ಘನ ಮೀಟರ್. ಘನ ಮೀಟರಿಗೆ 40 ಕೆಜಿ ಸಾಂದ್ರತೆಯಲ್ಲಿ 25 ಕೆಜಿ ಚಿಲ್ಲರೆ. ಶೀಟಿನ ಏರಿಳಿತ, ನಷ್ಟ ಸೇರಿ 30 ಕೆಜಿ ಇಟ್ಟುಕೊಳ್ಳಿ. ಚದರಡಿ ದರ ಹೇಳುವವರ ಹತ್ತಿರ ದಪ್ಪ, ಸಾಂದ್ರತೆ ಎರಡನ್ನೂ ಕೊಟೇಶನ್ನಿನಲ್ಲಿ ಬರೆಸಿಕೊಳ್ಳಿ. ಇಲ್ಲದಿದ್ದರೆ ಮೊಟಕಾಗುವುದು ಅಲ್ಲೇ.

ಮಷೀನು ಫೋಮಿನ ಆ ಎರಡು ದ್ರವಗಳನ್ನು ಬಿಸಿಮಾಡಿ ಸಮಪ್ರಮಾಣದಲ್ಲಿ ಬೆರೆಸುತ್ತದೆ. ಮೊದಲು ರಟ್ಟಿನ ತುಂಡಿನ ಮೇಲೆ ಹೊಡೆಸಿ, ತಣಿದ ಮೇಲೆ ಕತ್ತರಿಸಿ ನೋಡಿ. ಪುಡಿಪುಡಿಯಾದರೆ ಅಥವಾ ಅಂಟಂಟಾಗಿ ಮೀನಿನ ವಾಸನೆ ಬಂದರೆ ಪ್ರಮಾಣ ತಪ್ಪಿದೆ, ಕೆಲಸ ನಿಲ್ಲಿಸಿ. ಒಂದೂವರೆ ಇಂಚನ್ನು ಎರಡು ಪದರದಲ್ಲಿ, ಮೊದಲನೆಯದು ತಣಿದ ಮೇಲೆ ಇನ್ನೊಂದು ಎಂಬಂತೆ ಹೊಡೆಯಲಿ. ಒಮ್ಮೆಲೇ ತೀರಾ ದಪ್ಪ ಹೊಡೆದರೆ ಒಳಗಿನ ಕಾವಿಗೆ ಫೋಮ್ ಕರಕಾಗಿ ಬಿರಿಯುತ್ತದೆ, ಹೊತ್ತಿಕೊಳ್ಳುವುದೂ ಉಂಟು.

ಹೊಡೆಯುವವರಿಗೆ ಗಾಳಿ ಪೂರೈಸುವ ಪೂರ್ಣಮುಖದ ಮಾಸ್ಕ್ ಬೇಕು. ಧೂಳಿನ ಮಾಸ್ಕ್ ಏನಕ್ಕೂ ಸಾಲದು. ಮನೆಯವರು 24 ಗಂಟೆ ಆ ಕಡೆ ಹೋಗುವುದು ಬೇಡ, ಕಿಟಕಿ ತೆರೆದಿರಲಿ.

ಫೋಮನ್ನು ಬರಿದೇ ಬಿಡಬೇಡಿ. ಬೆಂಕಿ ಬಿದ್ದರೆ ಬೇಗ ಹರಡುತ್ತದೆ, ದಟ್ಟ ವಿಷಹೊಗೆ ಕಾರುತ್ತದೆ. ಕೆಳಗೆ 12.5 ಎಂಎಂ ಜಿಪ್ಸಮ್ ಬೋರ್ಡ್ ಸೀಲಿಂಗ್ ಕೊಡಿಸಿ. ಟ್ರಸ್ಸಿನಲ್ಲಿ (ಶೀಟು ಹೊರುವ ಕಬ್ಬಿಣದ ಚೌಕಟ್ಟಿನಲ್ಲಿ) ವೆಲ್ಡಿಂಗ್ ಬಾಕಿಯಿದ್ದರೆ ಫೋಮಿನವರು ಬರುವ ಮೊದಲೇ ಮುಗಿಸಿ.