ಹೋಸ್ಟ್ ಅರ್ಧ ಖಾಲಿ ಇದೆ, ಆದರೂ ವಿಎಂ ಯಾಕೆ ನಿಧಾನ?

ಮೈಸೂರಿನ ಹೆಬ್ಬಾಳದ ಒಂದು ಸಣ್ಣ ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುತ್ತೇನೆ. ಬಿಲ್ಲಿಂಗ್ ವಿಎಂ (ಸರ್ವರ್ ಒಳಗೆ ಸಾಫ್ಟ್‌ವೇರಿನಿಂದ ಮಾಡಿದ ವರ್ಚುವಲ್ ಕಂಪ್ಯೂಟರ್) ನಿಧಾನ ಅಂತ ಫೋನ್ ಬಂತು. ಹೋಸ್ಟ್‌ನ, ಅಂದರೆ ವಿಎಂಗಳು ಓಡುವ ಅಸಲಿ ಸರ್ವರ್‌ನ ಸಿಪಿಯು ಬಳಕೆ ನೋಡಿದರೆ ಬರೀ 55%. ಇನ್ನೂ ಜಾಗ ಇದೆಯಲ್ಲ ಅಂತ ಡಿಸ್ಕು, ನೆಟ್‌ವರ್ಕು ಹುಡುಕುತ್ತಾ ಎರಡು ದಿನ ಸುಮ್ನೆ ಕಳೆದೆ. ನೋಡಬೇಕಿದ್ದದ್ದು ಸಿಪಿಯು ರೆಡಿ.

ಹೆಸರು ಕೇಳಿದರೆ ಒಳ್ಳೆಯದು ಅನ್ನಿಸುತ್ತದೆ, ಅಲ್ವಾ? ಅಲ್ಲ. ಮಂಡ್ಯ ಕಡೆ ಆಲೆಮನೆ ನೋಡಿದವರಿಗೆ ಇದು ಬೇಗ ಹಿಡಿಯುತ್ತದೆ. ಕಬ್ಬು ತುಂಬಿದ ಗಾಡಿ ಬಂದು ನಿಂತಿದೆ, ಆದರೆ ಗಾಣದಲ್ಲಿ ಬೇರೆಯವರ ಕಬ್ಬು ಅರೆಯುತ್ತಿದೆ. ವಿಸಿಪಿಯುಗೆ (ವಿಎಂಗೆ ಕೊಟ್ಟ ವರ್ಚುವಲ್ ಸಿಪಿಯು) ಕೆಲಸ ಇದ್ದೂ ಕೋರ್ ಸಿಗದೆ ಹಾಗೆ ಕಾಯುವ ಹೊತ್ತೇ ರೆಡಿ.

ವಿಎಂವೇರ್ ಹೋಸ್ಟ್‌ಗಳನ್ನು ನೋಡಿಕೊಳ್ಳುವ ವಿಸೆಂಟರ್‌ನ ಚಾರ್ಟ್ ಇದನ್ನು ಮಿಲಿಸೆಕೆಂಡಿನಲ್ಲಿ ತೋರಿಸುತ್ತದೆ, ಗೊಂದಲ ಶುರುವಾಗುವುದೇ ಇಲ್ಲಿ. ರಿಯಲ್‌ಟೈಮ್ ಚಾರ್ಟಿನ ಒಂದೊಂದು ಚುಕ್ಕೆ 20 ಸೆಕೆಂಡಿನದು, ಅಂದರೆ 20,000 ಮಿಲಿಸೆಕೆಂಡ್. ನಮ್ಮ ವಿಎಂನದ್ದು 12,800 ಇತ್ತು. ಭಾಗಿಸಿದರೆ 64%, ಎದೆ ಧಸಕ್ಕೆಂದಿತು. ಆದರೆ ಅದು ಎಲ್ಲಾ ವಿಸಿಪಿಯುಗಳ ಮೊತ್ತ. 8 ಇದ್ದವು, ಹಾಗಾಗಿ ಒಂದಕ್ಕೆ 8%. 5ರ ಒಳಗಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, 10 ದಾಟಿದರೆ ಬಳಸುವವರೇ ಫೋನ್ ಮಾಡುತ್ತಾರೆ. ಹಿಂದಿನ ದಿನದ ಚಾರ್ಟ್ ನೋಡುವಾಗ ಹುಷಾರು, ಅಲ್ಲಿ ಒಂದು ಚುಕ್ಕೆ 5 ನಿಮಿಷದ್ದು, 3,00,000ದಿಂದ ಭಾಗಿಸಬೇಕು.

ಇನ್ನೂ ಹತ್ತಿರದಿಂದ ನೋಡಬೇಕೆಂದರೆ ಹೋಸ್ಟ್‌ಗೇ ಲಾಗಿನ್ ಆಗಿ ಇಎಸ್ಎಕ್ಸ್‌ಟಾಪ್ ಕಮಾಂಡ್ ಓಡಿಸಿ, ಸಿಪಿಯು ಪುಟಕ್ಕೆ 'ಸಿ' ಒತ್ತಿ. %ಆರ್‌ಡಿವೈ (ರೆಡಿಯ ಶೇಕಡಾ) ಅಲ್ಲೂ ಮೊತ್ತವೇ, 'ಇ' ಒತ್ತಿ ವಿಎಂನ ಜಿಐಡಿ (ಪಟ್ಟಿಯಲ್ಲಿ ಕಾಣುವ ಗುಂಪಿನ ನಂಬರ್) ಕೊಟ್ಟರೆ ಬಿಡಿಬಿಡಿಯಾಗಿ ಕಾಣುತ್ತದೆ. ಪಕ್ಕದಲ್ಲೇ ಇರುವ %ಸಿಎಸ್‌ಟಿಪಿಯನ್ನೂ (ಕೋ-ಸ್ಟಾಪ್) ಬಿಡಬೇಡಿ. ಕುದಿಯುವ ಕೊಪ್ಪರಿಗೆ ಇಳಿಸಲು ನಾಲ್ಕು ಜನ ಬೇಕು, ಒಬ್ಬ ಹಿಂದೆ ಬಿದ್ದರೆ ಉಳಿದವರೂ ನಿಲ್ಲಬೇಕು. ಒಂದು ವಿಸಿಪಿಯು ಹಾಗೆ ಜೊತೆಯ ವಿಸಿಪಿಯುಗಳಿಗಾಗಿ ನಿಂತ ಹೊತ್ತು ಇದು. 3% ದಾಟಿದರೆ ವಿಸಿಪಿಯು ಜಾಸ್ತಿ ಕೊಟ್ಟಿದ್ದೀರಿ ಅಂತಲೇ ಲೆಕ್ಕ. %ಎಂಎಲ್‌ಎಂಟಿಡಿ ಸೊನ್ನೆ ಇಲ್ಲದಿದ್ದರೆ ಯಾರೋ ವಿಎಂಗೆ ಸಿಪಿಯು ಲಿಮಿಟ್ ಹಾಕಿದ್ದಾರೆ. ಆ ಕಾಯುವಿಕೆಯೂ ರೆಡಿ ಒಳಗೇ ಸೇರುತ್ತದೆ, ಆದ್ದರಿಂದ ಮೊದಲು ಲಿಮಿಟ್ ತೆಗೆದು ನೋಡಿ.

ವಿಎಂವೇರ್ ಬದಲು ಲಿನಕ್ಸ್‌ನ ಕೆವಿಎಂ ಬಳಸುವವರು ಲಿನಕ್ಸ್ ವಿಎಂ ಒಳಗೆ ಟಾಪ್ ಕಮಾಂಡ್ ಓಡಿಸಿ 'ಎಸ್‌ಟಿ' (ಸ್ಟೀಲ್) ನೋಡಿದರೆ ಹೆಚ್ಚುಕಡಿಮೆ ಇದೇ ಕಥೆ ಸಿಗುತ್ತದೆ.

ವಿಎಂ ನಿಧಾನ ಅಂದ ಕೂಡಲೇ ಇನ್ನೆರಡು ವಿಸಿಪಿಯು ಸೇರಿಸುವ ಅಭ್ಯಾಸ ದಯವಿಟ್ಟು ಬಿಡಿ. ಗಾಣ ಅಷ್ಟೇ ಇರುವಾಗ ಗಾಡಿ ಹೆಚ್ಚಿಸಿದರೆ ಸಾಲು ಬೆಳೆಯುತ್ತದೆ ಅಷ್ಟೇ. ಒಂದು ಕೋರನ್ನು ಎರಡಾಗಿ ತೋರಿಸುವ ಹೈಪರ್‌ಥ್ರೆಡಿಂಗ್‌ನಿಂದ 16 ಕೋರ್ 32 ಅಂತ ಕಂಡರೂ 32 ಕೋರಿನ ಕೆಲಸ ಆಗುವುದಿಲ್ಲ. ನಮ್ಮ ವಿಎಂ ಒಳಗೆ ಎಷ್ಟೇ ಗದ್ದಲ ಇದ್ದರೂ ಮೂರು ವಿಸಿಪಿಯು ಕೆಲಸ ದಾಟುತ್ತಿರಲಿಲ್ಲ. ರಾತ್ರಿ ಆಫ್ ಮಾಡಿ 8ನ್ನು 4ಕ್ಕೆ ಇಳಿಸಿದೆ. ಬೆಳಿಗ್ಗೆ ಬಿಲ್ಲಿಂಗ್ ಶುರುವಾದ ಮೇಲೆ ನೋಡಿದರೆ ರೆಡಿ 1,600, ಒಂದಕ್ಕೆ 2%. ಆಮೇಲೆ ಆ ವಿಷಯಕ್ಕೆ ಫೋನ್ ಬಂದಿಲ್ಲ.