ಬೆಳಕು ಬದಲಿಸುವ ನಕ್ಷತ್ರಗಳನ್ನು ಅಳೆಯುವುದು ಹೇಗೆ?

ನಕ್ಷತ್ರಗಳೆಲ್ಲ ಸದಾ ಒಂದೇ ಸಮನೆ ಬೆಳಗುವುದಿಲ್ಲ. ಕೆಲವು ಐದಾರು ದಿನಗಳಲ್ಲೇ ಮಂಕಾಗಿ ಮತ್ತೆ ಹೊಳೆಯುತ್ತವೆ. ಕೆಲವಕ್ಕೆ ತಿಂಗಳುಗಟ್ಟಲೆ ಬೇಕು. ಇವೇ ಚರ ನಕ್ಷತ್ರಗಳು. ಇವುಗಳ ಏರಿಳಿತ ಅಳೆಯಲು ಟೆಲಿಸ್ಕೋಪ್ ಬೇಕೇ ಬೇಕು ಅಂತೇನಿಲ್ಲ. ಅಕ್ಕಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ ನೋಡುವ ಅಭ್ಯಾಸ ಇದ್ದರೆ ಸಾಕು. ನೋವಾ, ಅಂದರೆ ಇದ್ದಕ್ಕಿದ್ದಂತೆ ಹೊತ್ತಿ ಹೊಳೆಯುವ ನಕ್ಷತ್ರ, ಹುಡುಕುವುದಕ್ಕೂ ಇದೇ ಅಭ್ಯಾಸ ಬೇಕು.

ಮೊದಲ ಅಳತೆ

ಸೀಫಿಯಸ್ ಪುಂಜದ ಡೆಲ್ಟಾ ಸೀಫಿಯಿಂದ ಶುರು ಮಾಡಿ. ಇದು ಹಿಗ್ಗಿ ಕುಗ್ಗುವ ನಕ್ಷತ್ರ. 5.37 ದಿನಕ್ಕೊಮ್ಮೆ ಇದರ ಕಾಂತಿಮಾನ (ಹೊಳಪಿನ ಅಳತೆ) 3.5ರಿಂದ 4.4ಕ್ಕೆ ಇಳಿದು ಮತ್ತೆ ಏರುತ್ತದೆ. ಕಾಂತಿಮಾನದ ಸಂಖ್ಯೆ ಜಾಸ್ತಿ ಆದಷ್ಟೂ ನಕ್ಷತ್ರ ಮಂಕು, ಇದು ನೆನಪಿರಲಿ. ದಕ್ಷಿಣಾರ್ಧಗೋಳದಲ್ಲಿ ಇರುವವರಿಗೆ ಗರುಡ ಪುಂಜದ ಈಟಾ ಅಕ್ವಿಲೆ ಅನುಕೂಲ. ಅದರ ಅವಧಿ ಸುಮಾರು 7.2 ದಿನ.

ಕತ್ತಲಲ್ಲಿ ಇಪ್ಪತ್ತು ನಿಮಿಷ ಕಣ್ಣಿಗೆ ಬಿಡುವು ಕೊಡಿ. ನಕ್ಷತ್ರಗಳ ನಕ್ಷೆ ನೋಡಲು ಮಂದವಾದ ಕೆಂಪು ಬೆಳಕು ಮಾತ್ರ ಬಳಸಿ. ನಕ್ಷೆಯಲ್ಲಿ ನಕ್ಷತ್ರದ ಪಕ್ಕ 34, 42 ಅಂತ ಇದ್ದರೆ ಕಾಂತಿಮಾನ 3.4, 4.2 ಎಂದು ಓದಬೇಕು. ದಶಮಾಂಶದ ಚುಕ್ಕಿ ಹಾಕಿದರೆ ಅದೂ ನಕ್ಷತ್ರದಂತೆ ಕಾಣುತ್ತದೆ, ಅದಕ್ಕೇ ಬಿಟ್ಟಿರುತ್ತಾರೆ.

ಡೆಲ್ಟಾದ ಪಕ್ಕದಲ್ಲೇ ಝೀಟಾ, ಎಪ್ಸಿಲಾನ್ ಎಂಬ ನಕ್ಷತ್ರಗಳಿವೆ. ಝೀಟಾ 3.4, ಎಪ್ಸಿಲಾನ್ 4.2. ಒಂದು ಹೆಚ್ಚು ಹೊಳಪಿನದು, ಇನ್ನೊಂದು ಮಂಕಾದದ್ದು. ಡೆಲ್ಟಾ ಇವೆರಡರ ನಡುವೆ ಎಲ್ಲಿ ನಿಲ್ಲುತ್ತದೆ? ಸರಿಯಾಗಿ ಮಧ್ಯದಲ್ಲಿದ್ದರೆ 3.8. ಝೀಟಾ ಕಡೆಯಿಂದ ಕಾಲು ಭಾಗ ದೂರವಿದ್ದರೆ 3.6. ಲೆಕ್ಕ ಇಷ್ಟೇ. ತಕ್ಷಣ ದಿನಾಂಕ, ಸಮಯ, ಹೋಲಿಸಿದ ನಕ್ಷತ್ರಗಳನ್ನು ಬರೆದಿಡಿ. ಸಮಯವನ್ನು ಅಂತರರಾಷ್ಟ್ರೀಯ ಸಮಯಕ್ಕೆ ಬದಲಿಸಿಕೊಳ್ಳಿ.

ಕೆಂಪು ನಕ್ಷತ್ರಗಳು ಕಣ್ಣಿಗೆ ಮೋಸ ಮಾಡುತ್ತವೆ. ದಿಟ್ಟಿಸಿದಷ್ಟೂ ಹೆಚ್ಚು ಹೊಳೆದಂತೆ ತೋರುತ್ತವೆ. ಅವನ್ನು ಸುಮ್ನೆ ಒಂದೆರಡು ಬಾರಿ ಕಣ್ಣಾಡಿಸಿ ಅಳೆಯಬೇಕು. ದಿಗಂತದ ಹತ್ತಿರ ಗಾಳಿಯೇ ಬೆಳಕನ್ನು ತಿನ್ನುತ್ತದೆ. ಅಲ್ಲಿ ಒಂದೇ ಎತ್ತರದಲ್ಲಿರುವ ನಕ್ಷತ್ರಗಳನ್ನೇ ಹೋಲಿಸಿ. ಎಲ್ಲಕ್ಕಿಂತ ಮುಖ್ಯ, ಅಳೆಯುವ ಮೊದಲು ನಿನ್ನೆಯ ಅಂಕಿ ನೋಡಬೇಡಿ. ಇಂದು ಇಷ್ಟೇ ಇರಬೇಕು ಅಂತ ಮನಸ್ಸು ಮೊದಲೇ ಹೇಳಿಬಿಟ್ಟರೆ ಕಣ್ಣು ಅದನ್ನೇ ಕಾಣುತ್ತದೆ. ನಿಮ್ಮ ಅಂಕಿ ಬೇರೆಯವರದಕ್ಕಿಂತ 0.2 ಆಚೀಚೆ ಆದರೂ ಪರವಾಗಿಲ್ಲ, ತಿದ್ದಬೇಡಿ.

ಮುಂದೆ ಅಳೆಯಲು ಆಲ್ಗಾಲ್ ಎಂಬ ನಕ್ಷತ್ರ ಇದೆ. ಮಂಕಾದ ಜೊತೆಗಾರ ಅಡ್ಡ ಬಂದು 2 ದಿನ 21 ಗಂಟೆಗೊಮ್ಮೆ ಇದಕ್ಕೆ ಗ್ರಹಣ ಹಿಡಿಯುತ್ತದೆ. 1596ರಲ್ಲಿ ಡೇವಿಡ್ ಫ್ಯಾಬ್ರಿಸಿಯಸ್ ಗುರುತಿಸಿದ ಮೀರಾ ಸುಮಾರು 332 ದಿನಗಳ ಸುತ್ತಿನಲ್ಲಿ ಬರಿಗಣ್ಣಿಗೆ ಕಾಣಿಸಿಕೊಂಡು ಮರೆಯಾಗುತ್ತದೆ. ನಿಮ್ಮ ಅಳತೆಗಳನ್ನು 1911ರಲ್ಲಿ ಅಮೆರಿಕದಲ್ಲಿ ಶುರುವಾದ, ಚರ ನಕ್ಷತ್ರ ವೀಕ್ಷಕರ ಎಎವಿಎಸ್‌ಒ ಸಂಘಕ್ಕೆ ಕಳಿಸಬಹುದು. ವಿಜ್ಞಾನಿಗಳು ಅವನ್ನು ನಿಜಕ್ಕೂ ಬಳಸುತ್ತಾರೆ.

ನೋವಾ ಹುಡುಕುವಾಗ

ಶ್ವೇತ ಕುಬ್ಜ ಅಂದರೆ ಇಂಧನ ತೀರಿದ ನಕ್ಷತ್ರದ ಪುಟ್ಟ, ದಟ್ಟ ಉಳಿಕೆ. ಇದು ಪಕ್ಕದ ನಕ್ಷತ್ರದಿಂದ ಹೈಡ್ರೋಜನ್ ಎಳೆದುಕೊಳ್ಳುತ್ತದೆ. ಅದು ಮೇಲ್ಮೈಯಲ್ಲಿ ಶೇಖರವಾಗಿ ಒಂದು ದಿನ ಪರಮಾಣು ಸ್ಫೋಟದಂತೆ ಹೊತ್ತಿಕೊಳ್ಳುತ್ತದೆ. ಅದೇ ನೋವಾ. ಇವು ಹೆಚ್ಚಾಗಿ ಹಾಲುಹಾದಿಯ ಪಟ್ಟಿಯಲ್ಲೇ ಸಿಗುತ್ತವೆ. ಧನು, ವೃಶ್ಚಿಕ, ಗರುಡ, ರಾಜಹಂಸ ಪುಂಜಗಳ ಕಡೆ ಗಮನವಿಡಿ.

ಇಂಗ್ಲೆಂಡಿನ ಶಾಲಾ ಮೇಷ್ಟ್ರು ಜಾರ್ಜ್ ಆಲ್ಕಾಕ್ ಸಾವಿರಾರು ನಕ್ಷತ್ರಗಳ ಜಾಗವನ್ನು ಬಾಯಿಪಾಠ ಮಾಡಿಕೊಂಡಿದ್ದರು. ಬೈನಾಕ್ಯುಲರ್ ಹಿಡಿದು ಐದು ನೋವಾ ಕಂಡುಹಿಡಿದರು. 1991ರದ್ದನ್ನಂತೂ ಮನೆಯೊಳಗಿಂದ, ಮುಚ್ಚಿದ ಕಿಟಕಿಯ ಗಾಜಿನ ಮೂಲಕ ಕಂಡರು! ಈಗ ಆ ನೆನಪಿನ ಕೆಲಸವನ್ನು ಕ್ಯಾಮೆರಾ ಮಾಡುತ್ತದೆ. ಟ್ರೈಪಾಡ್ ಮೇಲೆ 50 ಎಂಎಂ ಲೆನ್ಸ್ ಇಟ್ಟು ಆಯ್ದ ಜಾಗವನ್ನು ಕೆಲವು ಸೆಕೆಂಡು ಸೆರೆಹಿಡಿಯಿರಿ. ಮೋಡವಿಲ್ಲದ ಪ್ರತಿ ರಾತ್ರಿ ಅದೇ ಜಾಗ. ಹಳೆಯ ಚಿತ್ರದ ಪಕ್ಕದಲ್ಲಿಟ್ಟು ನೋಡಿ.

ಹೊಸ ಚುಕ್ಕಿ ಕಂಡ ಕೂಡಲೇ ಸಂಭ್ರಮ ಬೇಡ. ಕ್ಯಾಮೆರಾವನ್ನು ಸ್ವಲ್ಪ ಸರಿಸಿ ಇನ್ನೊಂದು ಚಿತ್ರ ತೆಗೆಯಿರಿ. ಸೆನ್ಸರ್‌ನ ದೋಷವಾದರೆ ಚುಕ್ಕಿ ಚಿತ್ರದ ಅದೇ ಜಾಗದಲ್ಲಿ ಉಳಿಯುತ್ತದೆ, ನಕ್ಷತ್ರಗಳ ಜೊತೆ ಸರಿಯುವುದಿಲ್ಲ. ಉಪಗ್ರಹವಾದರೆ ಓಡಿಹೋಗಿರುತ್ತದೆ. ನಂತರ ಅಲ್ಲಿ ಗ್ರಹ, ಕ್ಷುದ್ರಗ್ರಹ ಅಥವಾ ಗೊತ್ತಿರುವ ಚರ ನಕ್ಷತ್ರ ಇದೆಯೇ ಎಂದು ಪಟ್ಟಿಗಳಲ್ಲಿ ಪರೀಕ್ಷಿಸಿ. ಇಷ್ಟಾದ ಮೇಲೂ ಉಳಿದರೆ ಆಕಾಶದ ಹೊಸ ಶೋಧಗಳ ಸುದ್ದಿ ಹಂಚುವ ಖಗೋಳ ಟೆಲಿಗ್ರಾಂ ಕೇಂದ್ರಕ್ಕೆ ಸ್ಥಾನ, ಸಮಯ, ಕಾಂತಿಮಾನ ಬರೆದು ವರದಿ ಮಾಡಿ. ನೋವಾ ಹೌದೇ ಅಲ್ಲವೇ ಎಂಬುದು ವರ್ಣಪಟಲ, ಅಂದರೆ ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿ, ನೋಡಿದ ಮೇಲೆ ತೀರ್ಮಾನವಾಗುತ್ತದೆ.

ಬೇರೆಯವರು ಮೊದಲು ಕಂಡರೂ ಕೆಲಸ ಮುಗಿಯುವುದಿಲ್ಲ. 1975ರಲ್ಲಿ ರಾಜಹಂಸದಲ್ಲಿ ಸಿಡಿದ ನೋವಾ ನಾಲ್ಕು ದಿನದೊಳಗೆ ಮೂರು ಕಾಂತಿಮಾನ ಕುಸಿಯಿತು. ಸಾಮಾನ್ಯವಾಗಿ ಬೇಗ ಮಂಕಾಗುವ ನೋವಾದ ನಿಜವಾದ ಪ್ರಕಾಶ ಹೆಚ್ಚು, ಅದರಿಂದ ದೂರವನ್ನೂ ಅಂದಾಜು ಮಾಡಬಹುದು. ಹಾಗಾಗಿ ಸುದ್ದಿ ಬಂದ ರಾತ್ರಿಯಿಂದಲೇ, ಸಾಧ್ಯವಾದರೆ ರಾತ್ರಿಗೆ ಎರಡು ಸಲ, ಅಳತೆ ಬರೆಯಲು ಶುರು ಮಾಡಿ.