ಹಡಗು ಹತ್ತುವ ಮುಂಚೆ ಕಲಿಯಬೇಕಾದ ಮಾತುಗಳು

ಮುಂಬೈ ರೈಲು ಹತ್ತುವುದು ಕಲಬುರಗಿಯವರಿಗೆ ಹೊಸದಲ್ಲ. ಅಲ್ಲಿ ಇಳಿದು ಕ್ರೂಸ್ ಹಡಗು ಹತ್ತುವುದು ಮಾತ್ರ ಹೊಸದು. ಹೋದ ವರ್ಷ ಅವ್ವನನ್ನೂ ಕಾಕಾನನ್ನೂ ಕರೆದುಕೊಂಡು ಹೋಗಿದ್ದೆ. ಅಲೆಗಿಂತ ಜಾಸ್ತಿ ನಮ್ಮನ್ನು ಕಾಡಿದ್ದು ಮೈಕಿನಲ್ಲಿ ಬರುತ್ತಿದ್ದ ಮಾತು. ಹತ್ತು ಹದಿನೈದು ಪದ ಮೊದಲೇ ಗೊತ್ತಿದ್ದರೆ ಸಾಕಿತ್ತು.

ಟಿಕೆಟ್ ಮಾಡಿಸುವಾಗಲೇ ಶುರು ಮಾಡಿ. ಅಲ್ಲಿ ರೂಮಿಗೆ ಕ್ಯಾಬಿನ್ ಅನ್ನುತ್ತಾರೆ, ಕೆಲವರು ಸ್ಟೇಟ್‌ರೂಮ್ ಅನ್ನುತ್ತಾರೆ. ಇಂಟೀರಿಯರ್ ಅಂದರೆ ಕಿಟಕಿ ಇಲ್ಲದ್ದು. ಓಷನ್ ವ್ಯೂ ಅಂದರೆ ಕಿಟಕಿ ಇರುತ್ತದೆ, ಆದರೆ ಸಾಮಾನ್ಯವಾಗಿ ಅದನ್ನು ತೆರೆಯಲು ಬರುವುದಿಲ್ಲ. ಡೆಕ್ ಅಂದರೆ ಅಂತಸ್ತು, ಮಿಡ್‌ಶಿಪ್ ಅಂದರೆ ಹಡಗಿನ ನಡು. ತಲೆ ಸುತ್ತು ಬರುವ ಹಿರಿಯರಿದ್ದರೆ ಕೆಳಗಿನ ಡೆಕ್ಕಿನಲ್ಲಿ, ಮಿಡ್‌ಶಿಪ್‌ನಲ್ಲೇ ಕ್ಯಾಬಿನ್ ಕೇಳಿ. ಹಾಳಾದ ರಸ್ತೆಯಲ್ಲಿ ಬಸ್ಸಿನ ಹಿಂದಿನ ಸೀಟು ಎಗರಿದಷ್ಟು ನಡುವಿನದು ಎಗರುವುದಿಲ್ಲ ಅಲ್ವಾ, ಹಾಗೇ ಇದು.

ಬಂದರಿಗೆ ಹೋದ ದಿನ ಕೇಳುವ ಮೊದಲ ಪದ ಎಂಬಾರ್ಕೇಶನ್, ಅಂದರೆ ಹತ್ತುವುದು. ದೊಡ್ಡ ಬ್ಯಾಗುಗಳಿಗೆ ಚೀಟಿ ಕಟ್ಟಿ ಅಲ್ಲೇ ತೆಗೆದುಕೊಳ್ಳುತ್ತಾರೆ, ಅವು ಕ್ಯಾಬಿನ್ ಬಾಗಿಲಿಗೆ ಬರಲು ಕೆಲವು ತಾಸು ಬೇಕು. ಅವ್ವನ ಬಿಪಿ ಮಾತ್ರೆ ದೊಡ್ಡ ಬ್ಯಾಗಿನಲ್ಲೇ ಹೋಗಿಬಿಟ್ಟಿತ್ತು. ಸಂಜೆ ತನಕ ನನ್ನ ಜೀವ ಕೈಯಲ್ಲಿತ್ತು. ಮಾತ್ರೆ, ಗುರುತಿನ ಚೀಟಿ, ಒಂದು ಜೊತೆ ಬಟ್ಟೆ ಹೆಗಲ ಚೀಲದಲ್ಲೇ ಇರಲಿ. ದಡದಿಂದ ಹಡಗಿಗೆ ಹಾಕಿದ ಸೇತುವೆಯಂಥ ದಾರಿಯೇ ಗ್ಯಾಂಗ್‌ವೇ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು ಮಸ್ಟರ್ ಡ್ರಿಲ್, ಅಂದರೆ ಅಪಾಯ ಬಂದರೆ ಏನು ಮಾಡಬೇಕು ಅನ್ನುವ ತಾಲೀಮು. ಅಪಾಯ ಬಂದರೆ ನೀವು ಹೋಗಿ ನಿಲ್ಲಬೇಕಾದ ಜಾಗ ಮಸ್ಟರ್ ಸ್ಟೇಷನ್. ಅದರ ಗುರುತು ಕ್ಯಾಬಿನ್ ಬಾಗಿಲ ಹಿಂದೆ ಇರುತ್ತದೆ, ಎಷ್ಟೋ ಹಡಗುಗಳಲ್ಲಿ ನಿಮ್ಮ ಕೀ ಕಾರ್ಡಿನ ಮೇಲೂ ಇರುತ್ತದೆ. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಸೀಟಿ ಕೂಗಿದರೆ ಅದು ಅಪಾಯದ ಕರೆ. 2012ರ ಜನವರಿ 13ರಂದು ಇಟಲಿಯ ಜಿಲಿಯೋ ದ್ವೀಪದ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಅವತ್ತೇ ಹತ್ತಿದ ನೂರಾರು ಜನಕ್ಕೆ ಡ್ರಿಲ್ ಇನ್ನೂ ಆಗಿರಲಿಲ್ಲ. ಆಮೇಲೆ ನಿಯಮ ಬದಲಾಯಿತು, 2015ರಿಂದ ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಡ್ರಿಲ್ ಆಗಲೇಬೇಕು. ಸುಮ್ನೆ ಹಾಜರಿ ಹಾಕಿ ಬರಬೇಡಿ. ಕ್ಯಾಬಿನ್‌ನಿಂದ ಅಲ್ಲಿಗೆ ಹಿರಿಯರ ಕೈ ಹಿಡಿದು ಒಮ್ಮೆ ಮೆಟ್ಟಿಲಲ್ಲೇ ನಡೆದು ನೋಡಿ, ಅಪಾಯದಲ್ಲಿ ಲಿಫ್ಟ್ ಹತ್ತುವಂತಿಲ್ಲ.

ಮುಂದೆ ದಿಕ್ಕು. ಹಡಗಿನ ಮೂತಿ ಬೌ, ಬಾಲ ಸ್ಟರ್ನ್. ಮುಂದಕ್ಕೆ ಅಂದರೆ ಫಾರ್ವರ್ಡ್, ಹಿಂದಕ್ಕೆ ಅಂದರೆ ಆಫ್ಟ್. ಮೂತಿಗೆ ಮುಖ ಮಾಡಿ ನಿಂತರೆ ಎಡಗಡೆ ಪೋರ್ಟ್, ಬಲಗಡೆ ಸ್ಟಾರ್‌ಬೋರ್ಡ್. "ಎಡಕ್ಕ, ಬಲಕ್ಕ ಅನ್ಲಿಕ್ಕೆ ಇವರಿಗೇನು ಕಷ್ಟ?" ಅಂತ ಅವ್ವ ಕೇಳಿದಳು. ಅದಕ್ಕೆ ಕಾಕಾನೇ ಉತ್ತರ ಕೊಟ್ಟ: "ಎಡಕ್ಕ ಹೂಡಿದ ಎತ್ತು, ನೀ ಎದುರಿಗೆ ಬಂದು ನಿಂತ್ರೂ ಎಡಗಡೆ ಎತ್ತೇ ಅಲ್ಲೇನು?" ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ನೀವು ಯಾವ ಕಡೆ ತಿರುಗಿದರೂ ಪೋರ್ಟ್ ಬದಲಾಗದು. ಹಳೇ ಕಾಲದ ಯುರೋಪಿನ ಹಡಗುಗಳಲ್ಲಿ ದಿಕ್ಕು ತಿರುಗಿಸುವ ಹುಟ್ಟು ಬಲಗಡೆ ಇರುತ್ತಿತ್ತು, ಸ್ಟಾರ್‌ಬೋರ್ಡ್ ಪದ ಅಲ್ಲಿಂದ ಬಂದದ್ದು. ಹುಟ್ಟಿಗೆ ಪೆಟ್ಟಾಗದಿರಲಿ ಅಂತ ಎಡ ಮೈಯನ್ನೇ ಬಂದರಿಗೆ ತಾಗಿಸುತ್ತಿದ್ದರು, ಅದಕ್ಕೇ ಎಡಕ್ಕೆ ಪೋರ್ಟ್, ಅಂದರೆ ಬಂದರು, ಅನ್ನುವ ಹೆಸರು. ರಾತ್ರಿ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು.

ಕ್ಯಾಪ್ಟನ್ ವೇಗವನ್ನು ನಾಟ್‌ನಲ್ಲಿ ಹೇಳುತ್ತಾರೆ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿ.ಮೀ., ಹಾಗಾಗಿ 18 ನಾಟ್ ಅಂದರೆ ಸುಮಾರು 33 ಕಿ.ಮೀ.

ಟೆಂಡರ್ ಅಂದಾಗ ನಮಗೆ ರಸ್ತೆ ಕಾಮಗಾರಿ ನೆನಪಾಗುತ್ತದೆ. ಇಲ್ಲಿ ಅದು ಚಿಕ್ಕ ದೋಣಿ. ನೀರಿನ ಆಳ ಸಾಲದ ಕಡೆ ಹಡಗು ದೂರದಲ್ಲೇ ಲಂಗರು ಹಾಕಿ ಜನರನ್ನು ಇದರಲ್ಲಿ ದಡಕ್ಕೆ ಕಳಿಸುತ್ತದೆ. ಇಳಿಯುವಾಗ ಆಲ್ ಅಬೋರ್ಡ್ ಸಮಯ ಬರೆದಿಟ್ಟುಕೊಳ್ಳಿ, ಅದು ಎಲ್ಲರೂ ವಾಪಸ್ ಹಡಗಿನೊಳಗೆ ಇರಬೇಕಾದ ಹೊತ್ತು. ತಡವಾದರೆ ಹಡಗು ಕಾಯುತ್ತದೆ ಅಂತ ನಂಬಬೇಡಿ.

ಕೊನೆಗೆ ಡಿಸ್‌ಎಂಬಾರ್ಕೇಶನ್, ಅಂದರೆ ಇಳಿಯುವುದು. ಸಾಮಾನ್ಯವಾಗಿ ಹಿಂದಿನ ರಾತ್ರಿಯೇ ದೊಡ್ಡ ಬ್ಯಾಗುಗಳನ್ನು ಬಾಗಿಲ ಹೊರಗೆ ಇಡಲು ಹೇಳುತ್ತಾರೆ. ಬೆಳಗ್ಗೆ ಉಡುವ ಸೀರೆ, ಚಪ್ಪಲಿ, ಮಾತ್ರೆ ಡಬ್ಬಿ ತೆಗೆದಿಟ್ಟುಕೊಂಡು ಆಮೇಲೆ ಬ್ಯಾಗಿನ ಜಿಪ್ ಎಳೆಯಿರಿ.